ಹಿತ್ತಲಿನ ಜೋನಿ ಬೆಲ್ಲ

ಕಳೆದ ಸಂಕ್ರಾಂತಿಯ ಹೊತ್ತಿಗೆ ನಮ್ಮ ಬೀದಿಯ ಗೃಹಿಣಿಯೊಬ್ಬರು ಒಂದು ಪುಟ್ಟ ಗಾಜಿನ ಸೀಸೆಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಕೆನಡಾ ದೇಶದಲ್ಲಿರುವ ಅವರ ಮಗ ರಜೆಗೆ ಬಂದಾಗ ತಂದದ್ದು. ಒಳಗೆ ಜೇನಿನ ಬಣ್ಣದ, ಜೇನಿಗಿಂತ ತೆಳುವಾದ ಪಾಕ. ಒಂದು ಚಮಚ ನನ್ನ ಅಂಗೈಗೆ ಹಾಕಿ, "ಮೇಷ್ಟ್ರೇ, ಇದು ಮೇಪಲ್ ಅಂತ ಒಂದು ಮರದ ರಸವಂತೆ. ಅಲ್ಲಿಯವರು ಹಿತ್ತಲಿನ ಮರಕ್ಕೆ ತೂತು ಕೊರೆದು, ರಸ ಇಳಿಸಿ, ಮನೆಯಲ್ಲೇ ಕಾಯಿಸಿಕೊಳ್ಳುತ್ತಾರಂತೆ. ನಮ್ಮ ಜೆ.ಪಿ. ನಗರದಲ್ಲಿ ಆ ಮರ ಬಂದೀತೆ?" ಎಂದು ಕೇಳಿದರು.

ಮರ ಬಂದರೂ ರಸ ಬಾರದು ಎಂದೆ. ಆ ಮರದ ರಸ ಹರಿಯಬೇಕಾದರೆ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇರಬೇಕು, ಹಗಲು ಕರಗುವಷ್ಟು ಬಿಸಿಲು ಬರಬೇಕು. ಈ ಏರಿಳಿತವೇ ರಸವನ್ನು ಹೊರಕ್ಕೆ ನೂಕುವ ಯಂತ್ರ. ಚಳಿಗಾಲ ಮುಗಿಯುವ ಕೆಲವು ವಾರಗಳು ಮಾತ್ರ ಅದರ ಸುಗ್ಗಿ. ನಮ್ಮ ಬೆಂಗಳೂರಿನ ಚಳಿ ನಾವು ಮಫ್ಲರು ಸುತ್ತಿಕೊಳ್ಳುವುದಕ್ಕೆ ಸಾಕೇ ಹೊರತು ನೀರನ್ನು ಕಲ್ಲು ಮಾಡುವುದಕ್ಕೆ ಸಾಲದು. ಇನ್ನೊಂದು ಮಾತು: ಆ ರಸದಲ್ಲಿ ಸಿಹಿ ಇರುವುದು ನೂರಕ್ಕೆ ಎರಡು ಭಾಗದಷ್ಟು. ಸುಮಾರು 40 ಲೀಟರ್ ರಸವನ್ನು ಕಾಯಿಸಿ ಕಾಯಿಸಿ ಬತ್ತಿಸಿದರೆ 1 ಲೀಟರ್ ಪಾಕ. ಪಕ್ಕದಲ್ಲಿ ಕಾಡು ಇದ್ದು, ಸೌದೆ ಬಿಟ್ಟಿಯಾಗಿ ಸಿಕ್ಕುವವರಿಗೆ ಅದು ಒಳ್ಳೆಯ ಹವ್ಯಾಸ; ಸಿಲಿಂಡರಿನ ಅನಿಲವನ್ನು ನಂಬಿದವರಿಗೆ ದಿವಾಳಿಯ ದಾರಿ.

ಆಕೆಯ ಮುಖ ಸಣ್ಣದಾಯಿತು. "ಆದರೆ ನೀವು ಕೇಳಿದ ವಸ್ತು ನಮ್ಮ ಹಿತ್ತಲಿನಲ್ಲಿ ಆಗಲೇ ಉಂಟು, ಬನ್ನಿ" ಎಂದು ಅವರನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ಮೂರು ಬುಡ ಕಬ್ಬನ್ನು ತೋರಿಸಿದೆ. ಅಂದು ಅವರಿಗೆ ಹೇಳಿದ್ದನ್ನೇ ಈ ದಿನ ನಿಮಗೂ ಹೇಳುತ್ತೇನೆ.

ಕಬ್ಬಿನ ಹಾಲನ್ನು ಬೆಲ್ಲದ ಹದಕ್ಕೆ ಮೊದಲೇ ಇಳಿಸಿದರೆ ದೊರೆಯುವ ದ್ರವರೂಪದ ಬೆಲ್ಲವೇ ಜೋನಿ ಬೆಲ್ಲ. ಸಾಗರ, ಸಿದ್ದಾಪುರ, ಶಿರಸಿಯ ಕಡೆಯವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ದೋಸೆಯ ಪಕ್ಕದಲ್ಲಿ ಅದಿಲ್ಲದಿದ್ದರೆ ಅವರಿಗೆ ಬೆಳಗಾದಂತೆಯೇ ಅಲ್ಲ. ವಸ್ತು ಹೊಸದೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಪದಾರ್ಥಗಳನ್ನು ಎಣಿಸುವ ಕಡೆ ಸಿಹಿಯ ಪದಾರ್ಥಗಳ ಪಟ್ಟಿಯೊಂದಿದೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಇವುಗಳಲ್ಲಿ ಮೊದಲನೆಯದಾದ ಫಾಣಿತವೆಂದರೆ ಅರ್ಧ ಬತ್ತಿಸಿದ ಕಬ್ಬಿನ ರಸ. ನಮ್ಮ ಜೋನಿಯ ಮುತ್ತಜ್ಜ. ಕೊನೆಯ ಎರಡು ಪದಗಳು ಅರಬರ, ಪರ್ಷಿಯನರ ಬಾಯಿಂದ ಯೂರೋಪಿಗೆ ಹೋಗಿ ಇಂಗ್ಲಿಷಿನ ಕ್ಯಾಂಡಿಯೂ ಶುಗರೂ ಆದವು. ಪಂಪನ ಆದಿಪುರಾಣದ ನಾಯಕನಾದ ಆದಿನಾಥನು ದೀರ್ಘ ಉಪವಾಸದ ಬಳಿಕ ಮೊದಲು ಸ್ವೀಕರಿಸಿದ ಆಹಾರ ಕಬ್ಬಿನ ರಸವೆಂದು ಜೈನರ ನಂಬಿಕೆ. ಅಕ್ಷಯ ತದಿಗೆಯನ್ನು ಅವರು ಆಚರಿಸುವುದು ಅದರ ನೆನಪಿಗೆ. ಪಂಡಿತನ ಚಪಲ, ಕ್ಷಮಿಸಿ, ಹಿತ್ತಲಿಗೆ ಹಿಂದಿರುಗೋಣ.

ನಮ್ಮಲ್ಲಿಯೂ ಮರದಿಂದ ಸಿಹಿರಸ ಇಳಿಸುವ ಪದ್ಧತಿ ಇಲ್ಲವೆ ಎಂದು ಕೆಲವರು ಕೇಳುವುದುಂಟು. ಇದೆ. ಬಗನಿ, ಈಚಲು, ತೆಂಗು ಮೂರೂ ರಸ ಕೊಡುತ್ತವೆ. ತೆಂಗಿನ ಹೊಂಬಾಳೆಯ ರಸದಲ್ಲಿ ಸಿಹಿ ನೂರಕ್ಕೆ 12ರಿಂದ 15 ಭಾಗ. ಮೇಪಲ್ ಇದರ ಮುಂದೆ ನೀರೇ ಸರಿ. ಆದರೆ ಆ ರಸ ಬಿಸಿಲೇರುವುದರೊಳಗೆ ಹುಳಿತು ಹೆಂಡವಾಗುತ್ತದೆ. ಇದನ್ನು ತಡೆಯಲೆಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ರಸ ಹಿಡಿಯುವ ಕ್ರಮವನ್ನು ರೂಪಿಸಿ, ಹಾಗೆ ಹಿಡಿದ ರಸಕ್ಕೆ ಕಲ್ಪರಸವೆಂದು ಹೆಸರಿಟ್ಟಿದ್ದಾರೆ. ಏನೇ ಇರಲಿ, ನಮ್ಮ ರಾಜ್ಯದಲ್ಲಿ ಇಂಥ ಮರಗಳಿಂದ ರಸ ಇಳಿಸುವುದು ಅಬಕಾರಿ ಕಾನೂನಿಗೆ ಒಳಪಟ್ಟ ವಿಷಯ, ಪರವಾನಗಿ ಬೇಕು. ಆದಕಾರಣ ಹಿತ್ತಲಿನ ತೆಂಗನ್ನು ಕಾಯಿಗೆ ಬಿಟ್ಟು ನಾವು ಕಬ್ಬನ್ನೇ ಹಿಡಿಯುವುದು ಕ್ಷೇಮ.

ನಾನು ಈ ಕೆಲಸಕ್ಕೆ ಇಳಿದದ್ದು ಹವ್ಯಾಸವೆಂದಲ್ಲ. ನನ್ನ ತಾಯಿಯ ತವರು ಸಾಗರದ ಸಮೀಪ. ಪ್ರತಿ ವರ್ಷ ಮಾಘಮಾಸದ ಹೊತ್ತಿಗೆ ಸೋದರಮಾವನ ಆಲೆಮನೆಯಿಂದ ಒಂದು ಡಬ್ಬ ಜೋನಿ ಬರುತ್ತಿತ್ತು. ಅಲ್ಲಿ ಗದ್ದೆಗಳೆಲ್ಲ ಅಡಕೆಯ ತೋಟವಾದವು, ಆಲೆಮನೆ ಮುಚ್ಚಿತು, ಡಬ್ಬ ನಿಂತಿತು. ಅಂಗಡಿಯಿಂದ ತಂದದ್ದನ್ನು ಬಡಿಸಿದರೆ ಎಂಬತ್ತು ದಾಟಿದ ಅಮ್ಮ ಏನೂ ಹೇಳದೆ ತಟ್ಟೆಯ ಅಂಚಿಗೆ ಸರಿಸಿಬಿಡುತ್ತಿದ್ದಳು. ಬಾಯಿಬಿಟ್ಟು ಬೈದಿದ್ದರೆ ಸಹಿಸಬಹುದಾಗಿತ್ತು. ಮೂವತ್ತು-ನಲವತ್ತರ ನಿವೇಶನದಲ್ಲಿ ಕಟ್ಟಡ ನುಂಗಿ ಉಳಿದ ಜಾಗವೆಷ್ಟು ಎಂಬುದು ನಿಮಗೇ ಗೊತ್ತು. ಆ ಪಟ್ಟಿಯಲ್ಲಿಯೇ ಮೂರು ಬುಡ ನೆಟ್ಟೆ.

ನೆಡುವ ಕಾಲ ಸಂಕ್ರಾಂತಿ ಕಳೆದ ಮೇಲೆ. ಹಬ್ಬಕ್ಕೆಂದು ಸಾರಕ್ಕಿಯ ಮಾರುಕಟ್ಟೆಯಲ್ಲಿ ರಾಶಿ ಬೀಳುವ ಕಬ್ಬಿನ ಜಲ್ಲೆಯನ್ನೇ ಬಿತ್ತನೆಗೆ ಬಳಸಬಹುದು; ಆದರೆ ತಿನ್ನುವ ಮೆದು ಕಬ್ಬು ಬೇರೆ, ಬೆಲ್ಲಕ್ಕೆ ಒಪ್ಪುವ ಕಬ್ಬು ಬೇರೆ. ಮಂಡ್ಯದ ಕಡೆ ನಂಟರಿದ್ದರೆ ಗದ್ದೆಯಿಂದಲೇ ತರಿಸಿಕೊಳ್ಳಿ. ಕೋ 62175 ಆ ಸೀಮೆಯಲ್ಲಿ ಬೆಲ್ಲಕ್ಕೆ ಹೆಸರಾದ ತಳಿ; ಕೋ 86032 ಎಂಬುದೂ ಒಳ್ಳೆಯದೇ. ಕೋ ಎಂದರೆ ಕೊಯಮತ್ತೂರು, ಅಲ್ಲಿಯ ಕಬ್ಬಿನ ಸಂಶೋಧನಾಲಯದ ಗುರುತು. ಜಲ್ಲೆಯ ಮೇಲಿನ ಮೂರನೆಯ ಒಂದು ಭಾಗದ ಕಣ್ಣುಗಳು ಚುರುಕಾಗಿ ಚಿಗುರುತ್ತವೆ; ಬುಡದ ಭಾಗ ತಿನ್ನಲು, ತುದಿ ನೆಡಲು ಎಂದು ಹಂಚಿಕೊಂಡರೆ ಮಕ್ಕಳಿಗೂ ಜಗಳವಿಲ್ಲ. ಎರಡು ಮೂರು ಕಣ್ಣಿರುವ ತುಂಡುಗಳನ್ನು, ಕಣ್ಣು ಮಗ್ಗುಲಿಗೆ ಬರುವಂತೆ ಅಡ್ಡಲಾಗಿ ಮಲಗಿಸಿ ಎರಡು ಅಂಗುಲ ಮಣ್ಣು ಮುಚ್ಚಿ. ಬುಡದಿಂದ ಬುಡಕ್ಕೆ ಮೂರಡಿ ಇರಲಿ. ಕತ್ತರಿಸಿದ ಕಡೆ ಒಳಗು ಕೆಂಪಗಿದ್ದು ಹುಳಿ ವಾಸನೆ ಬಂದರೆ ಅದು ಕೆಂಪು ಕೊಳೆರೋಗ. ಅಂಥ ತುಂಡನ್ನು ನೆಡಬೇಡಿ, ಅರೆಯಲೂ ಬೇಡಿ.

ತಿಂಗಳೊಳಗೆ ಮೊಳಕೆ ಕಾಣುತ್ತದೆ. ಮೂರು ನಾಲ್ಕು ತಿಂಗಳಿಗೆ ಬುಡಕ್ಕೆ ಮಣ್ಣೇರಿಸಬೇಕು. ಕೊಟ್ಟಿಗೆ ಗೊಬ್ಬರ, ಅಡಿಗೆಮನೆಯ ಕಸದ ಗೊಬ್ಬರ ಎಷ್ಟಾದರೂ ಕೊಡಿ. ಯೂರಿಯಾದಂಥ ಗೊಬ್ಬರದ ಆಸೆಗೆ ಹೋಗಬೇಡಿ, ಕೊನೆಯ ತಿಂಗಳುಗಳಲ್ಲಿ ಸುತರಾಂ ಬೇಡ. ಸೋಗೆ ದಟ್ಟವಾಗುತ್ತದೆ, ಹಾಲು ಕೆಡುತ್ತದೆ. ಒಣಗಿದ ಸೋಗೆಯನ್ನು ಆಗಾಗ ಸುಲಿಯಿರಿ. ಆದರೆ ತೋಳು ಮುಚ್ಚುವ ಅಂಗಿ ತೊಟ್ಟು ಸುಲಿಯಿರಿ. ಅದರ ಅಂಚು ಕ್ಷೌರದ ಕತ್ತಿ. ಹೆಗ್ಗಣಗಳ ವಿಷಯ ಹೇಳದಿರುವುದೇ ಒಳ್ಳೆಯದು. ನಮ್ಮ ಬಡಾವಣೆಯ ಚರಂಡಿಯಲ್ಲಿ ವಾಸವಾಗಿರುವ ಆ ಮಹನೀಯರಿಗೆ ಕಬ್ಬು ಯಾವಾಗ ಸಿಹಿಯಾಯಿತೆಂಬುದು ನಮಗಿಂತ ಮೊದಲೇ ತಿಳಿಯುತ್ತದೆ. ಬುಡದ ಸುತ್ತ ತಂತಿಯ ಬಲೆ ಕಟ್ಟಿದ ಮೇಲೆ ಉಪದ್ರವ ತಗ್ಗಿತು.

ನೀರಿನ ಮಾತು ಬಂದರೆ ನಾನು ತಪ್ಪೊಪ್ಪಿಕೊಳ್ಳಬೇಕು. ಮೊದಲ ವರ್ಷ ಕೊಳವೆಬಾವಿಯ ನೀರನ್ನೇ ಹಾಯಿಸಿದೆ. ಕಬ್ಬು ಆಳೆತ್ತರ ದಾಟಿ ಬೆಳೆಯಿತು, ನೋಡಿದವರು ಹೊಗಳಿದರು. ಪಾಕ ತೆಗೆದು ಅಮ್ಮನ ಬೆರಳಿಗೆ ಒಂದು ತೊಟ್ಟು ಇಟ್ಟೆ. ನಾಲಿಗೆಗೆ ಹಚ್ಚಿ, "ಉಪ್ಪುಪ್ಪು" ಎಂದಳು. ಅಷ್ಟೇ. ಮಂಡ್ಯದ ರೈತರೊಬ್ಬರನ್ನು ವಿಚಾರಿಸಿದಾಗ ಅವರು ನಕ್ಕರು. ಸವುಳು ನೀರು, ಸವುಳು ಮಣ್ಣಿನ ಕಬ್ಬಿಗೆ ಆ ರುಚಿ ಇದ್ದೇ ಇರುತ್ತದೆಯಂತೆ. ನೀರಿನಲ್ಲಿ ಕರಗಿದ ಲವಣ ಜಲ್ಲೆಯೊಳಗೆ ಸೇರಿ, ಹಾಲನ್ನು ಬತ್ತಿಸಿದಂತೆಲ್ಲ ಅದೂ ಸಾಂದ್ರವಾಗುತ್ತದೆ. ನೀರು ಶುದ್ಧಿಮಾಡುವ ಯಂತ್ರದಿಂದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಅದರಲ್ಲಿ ಲವಣ ಇನ್ನೂ ಹೆಚ್ಚು, ಕಬ್ಬಿಗೆ ಬೇಡ. ಕಾವೇರಿಯ ನೀರನ್ನು ಹಾಯಿಸೋಣವೆಂದರೆ, 2024ರ ಬೇಸಗೆಯ ಬರದಲ್ಲಿ ಕುಡಿಯುವ ನೀರನ್ನು ಕೈದೋಟಕ್ಕೆ ಬಳಸಬಾರದೆಂದು ಜಲಮಂಡಳಿ ಆಜ್ಞೆ ಹೊರಡಿಸಿದ್ದು ನಿಮಗೆ ನೆನಪಿರಬಹುದು. ಕಬ್ಬು ಬಾಯಾರಿಕೆಯ ಬೆಳೆ. ಆದ್ದರಿಂದಲೇ ಮೂರು ಬುಡಕ್ಕಿಂತ ಹೆಚ್ಚಿಗೆ ಹಾಕಬೇಡಿ ಎನ್ನುತ್ತೇನೆ. ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು, ಅಕ್ಕಿ ತರಕಾರಿ ತೊಳೆದ ನೀರನ್ನು ಕೂಡಿಸಿಕೊಂಡರೆ ಮೂರು ಬುಡಕ್ಕೆ ಸಾಕಾಗುತ್ತದೆ.

ಹತ್ತು ಹನ್ನೆರಡು ತಿಂಗಳಿಗೆ ಕಬ್ಬು ಬಲಿಯುತ್ತದೆ. ಕೆಳಗಿನ ಎಲೆಗಳು ಒಣಗಿ, ಗಿಣ್ಣಿನ ಕಣ್ಣು ಉಬ್ಬಿ, ಬೆರಳಿನಿಂದ ತಟ್ಟಿದರೆ ಕಣಕಣವೆಂದರೆ ಸರಿ. ಬುಡದ ತುಂಡನ್ನೂ ತುದಿಯ ತುಂಡನ್ನೂ ಅಗಿದು ನೋಡಿ. ಎರಡೂ ಹೆಚ್ಚುಕಡಿಮೆ ಸಮನಾಗಿ ಸಿಹಿಯಾಗಿದ್ದರೆ ಕತ್ತಿ ಹಾಕಬಹುದು. ಅದಕ್ಕೆ ಎರಡು ಮೂರು ವಾರ ಮೊದಲೇ ನೀರು ನಿಲ್ಲಿಸಬೇಕು. ಮಣ್ಣಿನ ಮಟ್ಟಕ್ಕೆ ಕಡಿಯಿರಿ, ಸಿಹಿಯೆಲ್ಲ ಬುಡದಲ್ಲಿದೆ. ಕಡಿದ ದಿನವೇ ಅರೆಯುವುದು ಉತ್ತಮ. ಇಟ್ಟಷ್ಟೂ ಸಕ್ಕರೆ ಒಡೆದು ಹಾಲು ಹುಳಿಯಾಗುತ್ತದೆ.

ಅರೆಯುವುದೆಲ್ಲಿ? ಎತ್ತು ಕಟ್ಟಿ ಗಾಣ ತಿರುಗಿಸಲು ನಮ್ಮ ಬೀದಿಯಲ್ಲಿ ಕಾರುಗಳು ಜಾಗ ಬಿಟ್ಟಿಲ್ಲ. ನಾನು ಮಾಡಿದ ಉಪಾಯ ಹೇಳುತ್ತೇನೆ. ವೃತ್ತದ ಬಳಿ ಕಬ್ಬಿನ ಹಾಲಿನ ಗಾಡಿಯವನೊಬ್ಬನಿದ್ದಾನೆ. ಬೆಳಿಗ್ಗೆ ವ್ಯಾಪಾರ ತೊಡಗುವ ಮುನ್ನ ಯಂತ್ರವನ್ನು ಬಿಸಿನೀರಿನಲ್ಲಿ ತೊಳೆಸಿ, ನನ್ನ ಜಲ್ಲೆಗಳನ್ನು ಮೂರು ಬಾರಿ ಹಾಯಿಸಿಕೊಡು, ಶುಂಠಿ ನಿಂಬೆ ಮಂಜುಗಡ್ಡೆ ಏನೂ ಬೇಡವೆಂದು ಗೊತ್ತುಮಾಡಿಕೊಂಡೆ. "ಬೆಲ್ಲ ಅಂಗಡೀಲಿ ಸಿಗಲ್ವಾ ಸಾರ್?" ಎಂದು ಅವನು ಪ್ರತಿ ವರ್ಷವೂ ಕೇಳುತ್ತಾನೆ, ಪ್ರತಿ ವರ್ಷವೂ ಅರೆದುಕೊಡುತ್ತಾನೆ. ಗಾಡಿ ದೊರೆಯದಿದ್ದರೆ ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಮಿಕ್ಸಿಯಲ್ಲಿ ಸ್ವಲ್ಪ ನೀರು ಬೆರೆಸಿ ತಿರುವಿ ಬಟ್ಟೆಯಲ್ಲಿ ಹಿಂಡಬಹುದು. ಅರ್ಧ ಜಲ್ಲೆಗೆ ತೋಳು ಸೋಲುತ್ತದೆ ಎಂಬುದನ್ನು ಮೊದಲೇ ತಿಳಿಸಿರುತ್ತೇನೆ.

ಹತ್ತು ಜಲ್ಲೆ, ಸುಲಿದು ಶುದ್ಧಮಾಡಿದ ಮೇಲೆ ನನಗೆ 12 ಕಿಲೋ ತೂಗಿದವು. ಹಾಲು 7 ಲೀಟರಿಗೆ ಸ್ವಲ್ಪ ಕಡಿಮೆ. ಪಾಕ ಒಂದೂ ಮುಕ್ಕಾಲು ಕಿಲೋ. ಕೆನಡಾದವರ ನಲವತ್ತಕ್ಕೆ ಒಂದು ಎಲ್ಲಿ, ನಮ್ಮ ಈ ಲೆಕ್ಕವೆಲ್ಲಿ! ಒಲೆಗೆ ಖರ್ಚಾದ ಅನಿಲವನ್ನು ಸಿಲಿಂಡರು ತೂಗಿ ನೋಡಿದೆ; ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು.

ಈಗ ಕಾಯಿಸುವ ಕೆಲಸ. ಆಲೆಮನೆಯ ಕೊಪ್ಪರಿಗೆಗೆ ಬದಲಾಗಿ ದಪ್ಪ ತಳದ, ಅಗಲ ಬಾಯಿಯ ಸ್ಟೀಲಿನ ಪಾತ್ರೆ ಸಾಕು. ಹಾಲು ಪಾತ್ರೆಯ ಮೂರನೆಯ ಒಂದು ಭಾಗವನ್ನು ಮೀರಬಾರದು, ಏಕೆಂದರೆ ಅದು ಉಕ್ಕುವ ಪರಿ ಹಸುವಿನ ಹಾಲನ್ನು ನಾಚಿಸುತ್ತದೆ. ಸಾಧ್ಯವಾದರೆ ಒಲೆಯನ್ನು ಹೊರಗೆ ಹೂಡಿ. ಐದು ಲೀಟರ್ ನೀರು ಆವಿಯಾಗಿ ಅಡಿಗೆಮನೆಯ ಗೋಡೆಗೆ ಕೂತರೆ ಗೃಹಶಾಂತಿ ಕೆಡುತ್ತದೆ. ಎರಡು ಪದರದ ಬಟ್ಟೆಯಲ್ಲಿ ಸೋಸಿ, ಅರ್ಧ ಗಂಟೆ ತಿಳಿಯಾಗಲು ಬಿಟ್ಟು, ತಳದ ಮಡ್ಡಿಯನ್ನು ಬಿಟ್ಟು ಮೇಲಿನದನ್ನು ಬಗ್ಗಿಸಿಕೊಳ್ಳಿ.

ಮೊದಲು ಸಣ್ಣ ಉರಿ. ಕುದಿ ಬರುವ ಮುನ್ನ ಹಸಿರುಗಪ್ಪು ಕಶ್ಮಲ ಮೇಲಕ್ಕೆ ಬಂದು ಕಂಬಳಿಯಂತೆ ಕೂಡುತ್ತದೆ. ಕುದಿಸಿಬಿಟ್ಟರೆ ಅದು ಒಡೆದು ಹಾಲಿನಲ್ಲಿ ಬೆರೆತುಹೋಗುತ್ತದೆ, ಆಮೇಲೆ ಬ್ರಹ್ಮ ಬಂದರೂ ತೆಗೆಯಲಾರ. ಆದ್ದರಿಂದ ಇಲ್ಲಿ ತಾಳ್ಮೆ ಬೇಕು. ಜಾಲರಿ ಸೌಟಿನಿಂದ ತೆಗೆಯುತ್ತ ಹೋಗಿ. ಆಲೆಮನೆಯವರು ಬೆಂಡೆಯ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿ ಆ ಲೋಳೆಯನ್ನು ಸುರಿಯುತ್ತಾರೆ. ಲೋಳೆ ಬಿಸಿಗೆ ಗಟ್ಟಿಯಾಗುವಾಗ ಕಣ್ಣಿಗೆ ಕಾಣದ ಕೊಳೆಯನ್ನೆಲ್ಲ ತನ್ನೊಡನೆ ಎಳೆದುಕೊಂಡು ಮೇಲೇಳುತ್ತದೆ. ಮನೆಯಲ್ಲಿ ನಾಲ್ಕು ಬಲಿತ ಬೆಂಡೆಕಾಯಿಯನ್ನು ಸೀಳಿ ನೆನೆಹಾಕಿದ ನೀರೂ ನಡೆಯುತ್ತದೆ. ಆಲೆಮನೆಯಲ್ಲಿ ಹುಳಿ ಮುರಿಯಲು ಸುಣ್ಣದ ತಿಳಿಯನ್ನೂ ಹಾಕುವುದುಂಟು. ಪ್ರಮಾಣ ತಪ್ಪಿದರೆ ಪಾಕ ಕಪ್ಪಾಗುತ್ತದೆ, ಹೊಸಬರು ಅದರ ಗೊಡವೆಗೆ ಹೋಗಬೇಡಿ.

ಕಶ್ಮಲ ತೆಗೆದಾದ ಮೇಲೆ ಉರಿ ಜೋರು ಮಾಡಿ. ನೊರೆ ಅಂಚಿಗೆ ಬಂದರೆ ಒಂದು ತೊಟ್ಟು ತುಪ್ಪ ಬಿಡಿ, ತಟ್ಟನೆ ಕೂರುತ್ತದೆ. ಮೊದಲ ಒಂದೂವರೆ ಗಂಟೆ ನಿಮಗೆ ಹೆಚ್ಚು ಕೆಲಸವಿಲ್ಲ. ಕೊನೆಯ ಇಪ್ಪತ್ತು ನಿಮಿಷ ಪಾತ್ರೆಯ ಪಕ್ಕದಿಂದ ಕದಲಕೂಡದು. ಮೊದಲ ಸಲ ನಾನು ಹುಡುಗರ ಉತ್ತರಪತ್ರಿಕೆಯೊಂದನ್ನು ಮುಗಿಸಿ ಬರೋಣವೆಂದು ಒಳಗೆ ಹೋದೆ. ಸಮಾಸ ಬಿಡಿಸಿ ಬರೆಯುವ ಪ್ರಶ್ನೆಗೆ ಹುಡುಗ ಬರೆದಿದ್ದ ಉತ್ತರ ನನ್ನನ್ನು ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸಿತು. ಹಿಂದಿರುಗುವಷ್ಟರಲ್ಲಿ ಹೊಗೆ. ಆ ಪಾತ್ರೆಯ ತಳವನ್ನು ಉಜ್ಜಿದವರು ನನ್ನ ಮನೆಯವರು. ಅವರ ಅಭಿಪ್ರಾಯವನ್ನು ಇಲ್ಲಿ ಹೇಳುವುದು ಬೇಡ.

ಹದ ಗೊತ್ತುಮಾಡಲು ಉಷ್ಣಮಾಪಕ ಉತ್ತಮ ಸಾಧನ. ಪುಸ್ತಕಗಳಲ್ಲಿ ಜೋನಿಗೆ 105ರಿಂದ 106 ಡಿಗ್ರಿ ಸೆಲ್ಸಿಯಸ್, ಗಟ್ಟಿ ಬೆಲ್ಲಕ್ಕೆ 118ರಿಂದ 120 ಎಂದು ಕೊಟ್ಟಿರುತ್ತಾರೆ. ಇದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಪುಸ್ತಕವನ್ನು ನಂಬಿ 106ಕ್ಕೆ ಕಾದು ಕೂತರೆ ಪಾಕ ಅತಿಯಾಗಿ ಗಟ್ಟಿಯಾಗಿ, ಸೀಸೆಯ ತಳದಲ್ಲಿ ಹರಳು ಕಟ್ಟುತ್ತದೆ. ಆದ್ದರಿಂದ ಅದೇ ಮಾಪಕದಿಂದ ಮೊದಲು ಬರಿಯ ನೀರಿನ ಕುದಿಯನ್ನು ಅಳೆದು, ಅದಕ್ಕೆ ಐದೂವರೆ ಡಿಗ್ರಿ ಕೂಡಿಸಿಕೊಳ್ಳಿ. ಮೇಪಲ್ ಪಾಕದವರೂ ಹೀಗೆಯೇ ಮಾಡುತ್ತಾರೆ. ಅವರು ಕೂಡಿಸುವುದು ನಾಲ್ಕು, ಅವರದು ನಮ್ಮದಕ್ಕಿಂತ ತೆಳು. ಮಾಪಕವಿಲ್ಲದವರು ತಣ್ಣನೆಯ ತಟ್ಟೆಯ ಮೇಲೆ ಒಂದು ತೊಟ್ಟು ಹಾಕಿ ಬೆರಳಿನಿಂದ ಗೆರೆ ಎಳೆದು ನೋಡಿ. ಗೆರೆ ತಕ್ಷಣ ಮುಚ್ಚಿಕೊಂಡರೆ ಇನ್ನೂ ಕಾಯಬೇಕು. ನಿಧಾನವಾಗಿ ಕೂಡಿಕೊಂಡರೆ ಇಳಿಸಿ. ನೀರುಳಿದ ಪಾಕ ಕೆಲವೇ ವಾರಗಳಲ್ಲಿ ನೊರೆಯೆದ್ದು ಹುಳಿಯುತ್ತದೆ.

ಇಳಿಸುವ ಮುನ್ನ ಕಿಲೋ ಪಾಕಕ್ಕೆ ಅರ್ಧ ಚಮಚದಷ್ಟು ನಿಂಬೆರಸ ಬಿಡಿ. ಹುಳಿಯೂ ಬಿಸಿಯೂ ಕೂಡಿ ಸಕ್ಕರೆಯ ಒಂದು ಭಾಗವನ್ನು ಎರಡು ಬಗೆಯ ಸರಳ ಸಕ್ಕರೆಗಳಾಗಿ ಒಡೆಯುತ್ತವೆ, ಅವು ಹರಳು ಕಟ್ಟುವುದನ್ನು ತಡೆಯುತ್ತವೆ. ಬಿಸಿಯಿರುವಾಗಲೇ ದಪ್ಪ ಬಟ್ಟೆಯಲ್ಲಿ ಸೋಸಿ, ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿದ ಗಾಜಿನ ಸೀಸೆಗೆ ತುಂಬಿ. ವಾರ ಬಿಟ್ಟು ನೋಡಿದರೆ ತಳದಲ್ಲಿ ತೆಳ್ಳನೆಯ ಮಡ್ಡಿ ಕೂತಿರುತ್ತದೆ. ಮೇಲಿನದನ್ನು ಬೇರೆ ಸೀಸೆಗೆ ಬಗ್ಗಿಸಿ ಶೀತಪೆಟ್ಟಿಗೆಯಲ್ಲಿಡಿ. ಈ ಕೆಲಸ ನಡೆಯುವಾಗ ಚಿಕ್ಕ ಮಕ್ಕಳು ಒಲೆಯ ಬಳಿ ಸುಳಿಯದಿರಲಿ. ಕುದಿಯುವ ನೀರು ಮೈಮೇಲೆ ಬಿದ್ದರೆ ಹರಿದುಹೋಗುತ್ತದೆ, ಪಾಕ ಅಂಟಿಕೊಂಡು ಸುಡುತ್ತದೆ. ಪಕ್ಕದಲ್ಲಿ ಒಂದು ಬಕೆಟ್ಟು ತಣ್ಣೀರು ಯಾವಾಗಲೂ ಇರಲಿ.

ಬಣ್ಣ ಕಂಡು ಬೇಸರಪಡಬೇಡಿ. ಮನೆಯ ಜೋನಿ ಕಾಫಿಯ ಡಿಕಾಕ್ಷನ್ನಿನ ಹತ್ತಿರದ ಬಣ್ಣಕ್ಕೆ ಬರುತ್ತದೆ. ಅಂಗಡಿಯ ಬೆಲ್ಲ ಚಿನ್ನದಂತೆ ಹೊಳೆಯುವುದು ಅನೇಕ ವೇಳೆ ಹೈಡ್ರೋಸ್ ಎಂದು ಕರೆಯುವ ಗಂಧಕದ ಪುಡಿಯ ಪ್ರಭಾವ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡು ಕಿಲೋಗೆ 70 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಕಣ್ಣಿನಿಂದ ನೋಡಿ ಅದನ್ನು ಅಳೆಯುವವರಾರು? ನಾವು ಗಿರಾಕಿಗಳು ಹೊಳಪನ್ನೇ ಕೇಳುವವರೆಗೆ ಆಲೆಮನೆಯವರನ್ನು ಮಾತ್ರ ದೂರುವುದು ನ್ಯಾಯವಲ್ಲ.

ಇನ್ನೊಂದು ವಿಷಯವನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಸಕ್ಕರೆ ಕಾಯಿಲೆಗೆ ಬೆಲ್ಲ ಬಾಧಕವಲ್ಲವೆಂಬ ಮಾತು ನಮ್ಮ ಮಧ್ಯೆ ಚೆನ್ನಾಗಿ ಬೇರೂರಿದೆ. ನನ್ನ ಸಹೋದ್ಯೋಗಿಯೊಬ್ಬರು ಕಾಫಿಗೆ ಸಕ್ಕರೆ ಬಿಟ್ಟು, ಬೆಲ್ಲವನ್ನು ಧಾರಾಳವಾಗಿ ಹಾಕಿಕೊಳ್ಳುತ್ತಿದ್ದರು. ಕಾಲಿನ ಗಾಯ ಮಾಯದೆ ಕೊನೆಗೆ ಎರಡು ಬೆರಳು ಕಳೆದುಕೊಂಡರು. ಜೋನಿಯ ಮುಕ್ಕಾಲು ಪಾಲಿಗೆ ಸಮೀಪ ಇರುವುದು ಸಕ್ಕರೆಯೇ. ಕಬ್ಬಿಣ, ಖನಿಜಗಳು ಇದ್ದರೂ ಅವು ಆ ಸಕ್ಕರೆಯನ್ನು ಕಡಿಮೆ ಮಾಡುವುದಿಲ್ಲ. ನೀವು ಆ ಕಾಯಿಲೆಯವರಾದರೆ ಪಾಕ ಮಾಡಿ, ಹಂಚಿ, ಸೌಟು ನೆಕ್ಕಬೇಡಿ. ನಮ್ಮ ತಾಯಿಗೆ ಆ ಕಾಯಿಲೆ ಇಲ್ಲ, ನನಗಿದೆ. ಹೀಗಾಗಿ ನಮ್ಮ ಮನೆಯಲ್ಲಿ ರುಚಿ ನೋಡುವ ಅಧಿಕಾರ ಅವಳೊಬ್ಬಳದೇ.

ಮಳೆನೀರಿನ ಕಬ್ಬಿನಿಂದ ಮೊದಲ ಬಾರಿ ತೆಗೆದ ಪಾಕವನ್ನು ದೋಸೆಯ ಪಕ್ಕಕ್ಕೆ ಬಡಿಸಿ ಕಾದು ನಿಂತೆ. ಒಂದು ದೋಸೆ ಮುಗಿಯಿತು. "ಅಡ್ಡಿಲ್ಲೆ" ಎಂದಳು. ಆ ಸೀಮೆಯವರ ಬಾಯಲ್ಲಿ ಇದಕ್ಕಿಂತ ದೊಡ್ಡ ಬಿರುದಿಲ್ಲ. ಇನ್ನೊಂದು ದೋಸೆ ಹಾಕಿಸಿಕೊಂಡಳು.

ಕಡಿದ ಬುಡವನ್ನು ಕೀಳಬೇಡಿ. ಅದೇ ಮತ್ತೆ ಚಿಗುರುತ್ತದೆ. ಇದಕ್ಕೆ ಕೂಳೆ ಬೆಳೆ ಎನ್ನುತ್ತಾರೆ, ಎರಡು ವರ್ಷ ಧಾರಾಳವಾಗಿ ನಡೆಯುತ್ತದೆ. ಸುಲಿದ ಸೋಗೆಯನ್ನು ಅದರ ಸುತ್ತಲೇ ಹಾಸಿದರೆ ತೇವ ಉಳಿಯುತ್ತದೆ. ಮೇಪಲ್ ಸೀಸೆ ತಂದ ಆ ಗೃಹಿಣಿಗೆ ನಾನು ನಾಲ್ಕು ತುಂಡು ಕೊಟ್ಟಿದ್ದೆ. ಮೂರು ಮೊಳೆತಿವೆ, ಒಂದನ್ನು ಹೆಗ್ಗಣ ತಿಂದಿತೆಂದು ಮೊನ್ನೆ ವರದಿ ಬಂತು.